ಊರಿನ ಜಾಗಗಳಿಗೆ ಮೊಬೈಲ್ ಟಿಪ್ಪಣಿ: ಆ್ಯಪ್ ಮಾಡಿಸುವ ಮೊದಲು

ಪ್ರಶ್ನೆ: ನಮ್ಮದು ಸೊರಬ ತಾಲ್ಲೂಕಿನ ಸಣ್ಣ ಹಳ್ಳಿ. ಊರಿನ ಸುತ್ತ ವೀರಗಲ್ಲುಗಳಿವೆ, ಹಳೇ ಕೆರೆಗಳಿವೆ, ಒಂದು ದೇವರ ಬನ ಇದೆ, ಮಳೆಗಾಲದಲ್ಲಿ ಮುಳುಗುವ ಕಾಲುದಾರಿಗಳಿವೆ. ಇವುಗಳ ಬಗ್ಗೆ ಗೊತ್ತಿರುವವರಿಗೆಲ್ಲ ವಯಸ್ಸಾಗುತ್ತಿದೆ. ಊರಲ್ಲಿರುವವರು, ಬೆಂಗಳೂರಲ್ಲಿ, ದುಬೈಯಲ್ಲಿ ಕೆಲಸಕ್ಕಿರುವವರು ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಅದರಲ್ಲಿ ಲೊಕೇಶನ್ ಹಾಕಿ, ಕೆಳಗೆ ಎರಡು ಸಾಲು ಬರೆಯುತ್ತೇವೆ. ವಾರ ಕಳೆಯುವುದರೊಳಗೆ ಅದು ಶುಭಾಶಯಗಳ ಅಡಿ ಹೂತುಹೋಗುತ್ತದೆ. ಜಾಗಕ್ಕೆ ಹೋದವರ ಮೊಬೈಲ್‌ನಲ್ಲಿ ಆ ಜಾಗದ ಟಿಪ್ಪಣಿ ತಾನಾಗಿ ಕಾಣಬೇಕು, ಅವರೂ ಕಾಮೆಂಟ್ ಬರೆಯಬೇಕು ಎಂಬುದು ನಮ್ಮ ಆಸೆ. ಪರಿಚಯದವರೊಬ್ಬರು ಆ್ಯಪ್ ಮಾಡಿಕೊಡುತ್ತೇನೆ ಎನ್ನುತ್ತಿದ್ದಾರೆ. ಮಾಡಿಸಬಹುದಾ? ಇದರಲ್ಲಿ ಅಪಾಯ ಏನಾದರೂ ಇದೆಯಾ?

ಉತ್ತರ: ಆ್ಯಪ್ ಈಗ ಬೇಡ. ನಿಮ್ಮ ಆಸೆ ಒಳ್ಳೆಯದು, ಕೆಲಸವನ್ನು ಖಂಡಿತ ಮಾಡಿ. ಆದರೆ ಟಿಪ್ಪಣಿಗಳು ಮೊದಲು ಹುಟ್ಟಲಿ. ಯಾವ ಆ್ಯಪ್‌ನಿಂದ ಬೇಕಾದರೂ ಹೊರಗೆ ತೆಗೆಯಬಹುದಾದ ರೂಪದಲ್ಲಿ ಹುಟ್ಟಲಿ. ಅವುಗಳನ್ನು ನೋಡಿಕೊಳ್ಳುವ ಜನ ಊರಲ್ಲೇ ಇರಲಿ. ಇವೆರಡೂ ಇದ್ದರೆ ತೋರಿಸುವ ಸಾಧನ ಯಾವುದಾದರೂ ಆದೀತು. ಇವಿಲ್ಲದೆ ಆ್ಯಪ್ ಮಾಡಿಸಿದರೆ ದುಡ್ಡು ಹೋಗುತ್ತದೆ, ಉತ್ಸಾಹವೂ ಹೋಗುತ್ತದೆ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ಜಾಗಕ್ಕೆ ಟಿಪ್ಪಣಿ ಅಂಟಿಸುವ ಯೋಚನೆ ಸ್ಮಾರ್ಟ್‌ಫೋನ್‌ಗಿಂತ ಹಳೆಯದು. 2000ದ ದಶಕದ ಆರಂಭದಲ್ಲೇ ಸ್ವೀಡನ್ನಿನ ಸಂಶೋಧಕರು ಜಿಯೋನೋಟ್ಸ್ ಎಂಬ ವ್ಯವಸ್ಥೆ ಮಾಡಿದ್ದರು. ಅದೇ ಕಾಲದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇ-ಗ್ರಾಫಿಟಿ ಎಂಬ ಪ್ರಯೋಗ ನಡೆಯಿತು. ವಿದ್ಯಾರ್ಥಿಗಳು ಕ್ಯಾಂಪಸ್ಸಿನ ಆಯಾ ಜಾಗಕ್ಕೆ ಸಂಬಂಧಪಟ್ಟ ಮಾತು ಬರೆದಿಡುತ್ತಾರೆ ಎಂಬುದು ಸಂಶೋಧಕರ ಎಣಿಕೆ. ವಿದ್ಯಾರ್ಥಿಗಳು ಮಾಡಿದ್ದೇ ಬೇರೆ. ಹೆಚ್ಚಿನವರು ಅದನ್ನು ಪರಸ್ಪರ ಹರಟೆಗೆ ಬಳಸಿದರು. ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಆಗುತ್ತಿರುವುದೂ ಇದೇ ಅಲ್ವಾ? ಮಾತನಾಡುವ ಅವಕಾಶ ಸಿಕ್ಕ ಕಡೆ ಜನ ಮಾತನಾಡುತ್ತಾರೆ. ಜಾಗದ ಬಗ್ಗೆ ಬರೆದಿಡುವುದು ಬೇರೆ ಕೆಲಸ, ಅದಕ್ಕೆ ಯಾರಾದರೂ ಕೂತು ಗಮನ ಕೊಡಬೇಕು.

ಆಮೇಲೆ ದೊಡ್ಡ ಕಂಪನಿಗಳೂ ಬಂದವು. ಗೆಳೆಯರು ಎಲ್ಲಿದ್ದಾರೆ ಎಂದು ನಕ್ಷೆಯಲ್ಲಿ ತೋರಿಸುವ ಗೂಗಲ್ ಲ್ಯಾಟಿಟ್ಯೂಡ್ 2009ರಲ್ಲಿ ಬಂದು 2013ರಲ್ಲಿ ಮುಚ್ಚಿತು. ಹೋದ ಜಾಗಗಳನ್ನು ದಾಖಲಿಸುವ ಗೋವಾಲಾ 2012ರಲ್ಲಿ ನಿಂತಿತು. ಫೋರ್‌ಸ್ಕ್ವೇರ್ 2009ರಲ್ಲಿ ಶುರುವಾಗಿ, 'ಈ ಹೋಟೆಲಿಗೆ ಬಂದರೆ ಇದನ್ನು ತಿನ್ನಿ' ಎಂಬಂಥ ಸಣ್ಣ ಸಲಹೆಗಳನ್ನು ಜಗತ್ತಿನಾದ್ಯಂತ ಕೂಡಿಸಿತು. ಅದರ ನಗರ ಮಾರ್ಗದರ್ಶಿ ಆ್ಯಪ್ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಇವರ ಬಳಿ ಹಣ ಇತ್ತು, ಎಂಜಿನಿಯರ್‌ಗಳಿದ್ದರು, ಲಕ್ಷಾಂತರ ಬಳಕೆದಾರರಿದ್ದರು. ಒಂದು ಹಳ್ಳಿಯ ಆ್ಯಪ್‌ಗೆ ಪ್ರತಿ ವರ್ಷ ಹೊಸ ಆಂಡ್ರಾಯ್ಡ್‌ಗೆ ತಕ್ಕಂತೆ ದುರಸ್ತಿ ಮಾಡುವವರು ಯಾರು? ಸರ್ವರ್ ಬಾಡಿಗೆ ಕಟ್ಟುವವರು ಯಾರು? ಮಾಡಿಕೊಟ್ಟವರಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕರೆ ಮುಂದೇನು?

ಇನ್ನೊಂದು ತೊಂದರೆ ಇದೆ, ಅದು ಇನ್ನೂ ದೊಡ್ಡದು. ಟಿಪ್ಪಣಿ ಕಾಣಬೇಕಾದರೆ ಒಬ್ಬ ವ್ಯಕ್ತಿ ಆ ಜಾಗದಲ್ಲಿರಬೇಕು, ಅವರ ಮೊಬೈಲ್‌ನಲ್ಲಿ ನಿಮ್ಮ ಆ್ಯಪ್ ಇರಬೇಕು, ಅದು ತೆರೆದಿರಬೇಕು ಅಥವಾ ಹಿನ್ನೆಲೆಯಲ್ಲಿ ಓಡುತ್ತಿರಬೇಕು. ನಿಮ್ಮ ಕೆರೆ ಏರಿಯ ಮೇಲೆ ಹಾದುಹೋಗುವ ಹೊಸಬರಲ್ಲಿ ಹೀಗೆ ಎಲ್ಲ ಕೂಡಿ ಬರುವವರು ಬಹಳ ಕಡಿಮೆ. 'ತಾನಾಗಿ ಕಾಣಬೇಕು' ಎಂದು ಕೇಳಿದ್ದೀರಿ. ಅದು ಆಗದ ಮಾತೇನಲ್ಲ. ಜಾಗದ ಸುತ್ತ ಒಂದು ಕಾಣದ ಬೇಲಿ ಹಾಕಿ, ಮೊಬೈಲ್ ಅದರೊಳಗೆ ಬಂದಾಗ ಸೂಚನೆ ಕೊಡುವ ಸೌಲಭ್ಯ ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಇದೆ. ಆದರೆ ಆ ಬೇಲಿ ಕನಿಷ್ಠ 100ರಿಂದ 150 ಮೀಟರ್ ತ್ರಿಜ್ಯದ್ದಿದ್ದರೆ ಒಳ್ಳೆಯದು ಎಂಬುದು ಆಂಡ್ರಾಯ್ಡ್‌ನದೇ ಸಲಹೆ. ಐಫೋನ್‌ನಲ್ಲಿ ಒಂದು ಆ್ಯಪ್ ಒಮ್ಮೆಗೆ ಇಂಥ 20 ಜಾಗಗಳನ್ನು ಮಾತ್ರ ಕಾಯಬಲ್ಲದು. 150 ಮೀಟರ್ ತ್ರಿಜ್ಯದ ಬೇಲಿಯಲ್ಲಿ ನಿಮ್ಮ ಗುಡಿ, ಕೆರೆ ತೂಬು, ವೀರಗಲ್ಲು ಎಲ್ಲವೂ ಒಂದರೊಳಗೊಂದು ಬಂದುಬಿಡುತ್ತವೆ. ಜೊತೆಗೆ ಸದಾ ಲೊಕೇಶನ್ ನೋಡಲು ಅನುಮತಿ ಕೇಳಬೇಕು. ಹೊಸಬರು ಅದನ್ನು ಕೊಡಬಾರದು, ನಾನಾದರೂ ಕೊಡುವುದಿಲ್ಲ.

ಹಾಗಾದರೆ ಯಾವುದು ನಡೆಯುತ್ತದೆ? ಕೆನಡಾದ ಟೊರಾಂಟೋದಲ್ಲಿ 2003ರಲ್ಲಿ ಮರ್ಮರ್ ಎಂಬ ಯೋಜನೆ ಶುರುವಾಯಿತು. ಕೆನ್ಸಿಂಗ್ಟನ್ ಮಾರ್ಕೆಟ್ ಎಂಬ ಹಳೇ ಬಡಾವಣೆಯಲ್ಲಿ ಕಿವಿಯ ಆಕಾರದ ಹಸಿರು ಫಲಕಗಳನ್ನು ಕಂಬಗಳಿಗೆ ಹಾಕಿದರು. ಫಲಕದ ಮೇಲೆ ಒಂದು ಫೋನ್ ನಂಬರ್, ಒಂದು ಕೋಡ್. ಫೋನ್ ಮಾಡಿದರೆ ನೀವು ನಿಂತಿರುವ ಅದೇ ಜಾಗದ ಬಗ್ಗೆ ಅಲ್ಲಿಯವರೊಬ್ಬರು ಹೇಳಿದ ಕಥೆ ಕೇಳುತ್ತಿತ್ತು. ಜಿಪಿಎಸ್ ಬೇಡ, ಇಂಟರ್ನೆಟ್ ಬೇಡ, ಆ್ಯಪ್ ಬೇಡ. ಬೇರೆ ಊರುಗಳೂ ಅದನ್ನು ಅನುಸರಿಸಿದವು. ನಾನು ಇದನ್ನು ಬಹಳ ಮೆಚ್ಚುತ್ತೇನೆ. 'ಇಲ್ಲಿ ಹೇಳುವುದಿದೆ' ಎಂದು ಆ ಜಾಗವೇ ಕಣ್ಣಿಗೆ ಕಾಣುವಂತೆ ಹೇಳುತ್ತಿತ್ತು. ನಿಮ್ಮೂರಿಗೆ ಇದರ ಇಂದಿನ ರೂಪ ಎಂದರೆ ಕ್ಯೂಆರ್ ಕೋಡ್ ಇರುವ ಒಂದು ಸಣ್ಣ ಫಲಕ. ಅದನ್ನು ಬಸ್ ನಿಲ್ದಾಣದಲ್ಲೋ, ಅಂಗಡಿಯ ಗೋಡೆಯಲ್ಲೋ, ಗುಡಿಯ ಹೊರಗಿನ ಕಂಬದಲ್ಲೋ ಹಾಕಿ. ವೀರಗಲ್ಲಿನ ಮೇಲೆ ಮಾತ್ರ ಅಂಟಿಸಬೇಡಿ, ಬಣ್ಣದಲ್ಲಿ ನಂಬರ್ ಕೂಡ ಬರೆಯಬೇಡಿ. ಶಾಸನದ ಅಕ್ಷರಗಳ ಮೇಲೆ ಬಣ್ಣ ಬಳಿದು ಹಾಳಾದ ಕಲ್ಲುಗಳು ನಮ್ಮಲ್ಲಿ ಬೇಕಾದಷ್ಟಿವೆ.

ಇನ್ನು ಟಿಪ್ಪಣಿಯ ವಿಷಯ. ಅದರಲ್ಲಿ ಎರಡು ಭಾಗ ಇದೆ, ಜಾಗ ಮತ್ತು ಮಾತು. ಎರಡರಲ್ಲೂ ತಪ್ಪು ಸುಲಭ.

ಮೊದಲು ಜಾಗ. ಮೊಬೈಲ್ ತಾನೆಲ್ಲಿದ್ದೇನೆ ಎಂದು ತಿಳಿಯುವುದು ಉಪಗ್ರಹ, ವೈಫೈ, ಟವರ್ ಈ ಮೂರರಿಂದ. ಬೆಂಗಳೂರಿನ ರಸ್ತೆಯಲ್ಲಿ ಸುತ್ತ ನೂರಾರು ವೈಫೈ ಇರುತ್ತವೆ, ಮನೆಯೊಳಗೆ ಕೂತರೂ ಅಂದಾಜು ಸರಿಯಾಗಿ ಬರುತ್ತದೆ. ಮಲೆನಾಡಿನ ಹಳ್ಳಿಯಲ್ಲಿ ವೈಫೈ ಇಲ್ಲ, ಟವರ್ ದೂರ. ಟವರ್ ಒಂದನ್ನೇ ನಂಬಿದರೆ ಪಿನ್ ಕಿಲೋಮೀಟರ್‌ಗಟ್ಟಲೆ ಆಚೆ ಬೀಳಬಹುದು. ಹಾಗಾಗಿ ನಿಮಗೆ ಉಪಗ್ರಹಗಳೇ ಗತಿ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಗಬೇಕು. ತೆರೆದ ಆಕಾಶದಡಿ ಸಾಮಾನ್ಯ ಮೊಬೈಲ್ ಸುಮಾರು 5 ಮೀಟರ್ ಒಳಗೆ ಹೇಳುತ್ತದೆ. ದಟ್ಟ ಮರದಡಿ, ಕಣಿವೆಯಲ್ಲಿ, ಗುಡಿಯ ಒಳಗೆ ಅದು ಹತ್ತಾರು ಮೀಟರ್ ಅಲ್ಲಾಡುತ್ತದೆ. ಇಂಟರ್ನೆಟ್ ಇಲ್ಲದ ಕಡೆ ಉಪಗ್ರಹಗಳನ್ನು ಹುಡುಕಲು ಹೆಚ್ಚು ಸಮಯವೂ ಬೇಕು, ಕಾರಣ ಆಕಾಶದಲ್ಲಿ ಯಾವುದು ಎಲ್ಲಿದೆ ಎಂಬ ಪಟ್ಟಿಯನ್ನು ಮೊಬೈಲ್ ಸಾಮಾನ್ಯವಾಗಿ ನೆಟ್‌ನಿಂದ ತರಿಸಿಕೊಳ್ಳುತ್ತದೆ. ನೆಟ್ ಇಲ್ಲದಿದ್ದರೆ ಉಪಗ್ರಹವೇ ನಿಧಾನವಾಗಿ ಹೇಳುವವರೆಗೆ ಕಾಯಬೇಕು.

ಆದ್ದರಿಂದ ಜಾಗ ತಲುಪಿದ ಕೂಡಲೇ ಪಿನ್ ಒತ್ತಬೇಡಿ. ಬಯಲಿಗೆ ಬಂದು ನಿಂತು, ನೀಲಿ ಚುಕ್ಕೆಯ ಸುತ್ತಲಿನ ತಿಳಿ ವೃತ್ತ ಚಿಕ್ಕದಾಗುವವರೆಗೆ ಕಾಯಿರಿ. ಆ ವೃತ್ತ ಎಂದರೆ ಮೊಬೈಲಿನ ಅನುಮಾನ. ದೊಡ್ಡದಿದ್ದಷ್ಟೂ ಅದಕ್ಕೆ ಖಾತ್ರಿ ಇಲ್ಲ. ಹೊಸ ಫೋನ್‌ಗಳಲ್ಲಿ ಇನ್ನೊಂದು ವಿಷಯ ನೋಡಿ. ಐಫೋನ್‌ನಲ್ಲಿ 2020ರಿಂದ, ಆಂಡ್ರಾಯ್ಡ್‌ನಲ್ಲಿ 2021ರಿಂದ ಆ್ಯಪ್‌ಗೆ 'ಅಂದಾಜು ಜಾಗ' ಮಾತ್ರ ಕೊಡುವ ಆಯ್ಕೆ ಇದೆ. ಅದು ಒಳ್ಳೆಯ ಸೌಲಭ್ಯ. ಆದರೆ ಪಿನ್ ಹಾಕುವಾಗ ಅದೇ ಆಯ್ಕೆ ಉಳಿದಿದ್ದರೆ ನಿಮ್ಮ ಬಾವಿ ಪಕ್ಕದೂರಿಗೆ ಹೋಗಿ ಕೂರುತ್ತದೆ.

ಅಕ್ಷಾಂಶ ರೇಖಾಂಶಗಳ ಅಂಕಿಯನ್ನೇ ಬರೆದಿಟ್ಟುಕೊಳ್ಳಿ. ಬರೀ ಲಿಂಕ್ ಇಟ್ಟುಕೊಂಡರೆ ಸಾಲದು, ಲಿಂಕ್ ಸಾಯುತ್ತದೆ, ಅಂಕಿ ಸಾಯುವುದಿಲ್ಲ. ದಶಮಾಂಶದ ನಂತರ ಎರಡು ಅಂಕಿ ಇದ್ದರೆ ಸುಮಾರು 1 ಕಿಲೋಮೀಟರ್ ನಿಖರತೆ, ನಾಲ್ಕು ಇದ್ದರೆ 11 ಮೀಟರ್, ಐದು ಇದ್ದರೆ ಸುಮಾರು 1 ಮೀಟರ್. ಮೊಬೈಲ್‌ನ ಅಳತೆಯೇ 5 ಮೀಟರ್ ಆಗಿರುವಾಗ ಐದು ಅಂಕಿಗಿಂತ ಜಾಸ್ತಿ ಬರೆದು ಪ್ರಯೋಜನವಿಲ್ಲ. ಕರ್ನಾಟಕದವರಿಗೆ ಇನ್ನೊಂದು ಅನುಕೂಲ ಇದೆ. ಸರ್ಕಾರದ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದನ್ನೂ ಬರೆದುಕೊಳ್ಳಿ. ಗಡಿ ಜಗಳಕ್ಕೆ ಅದು ಪುರಾವೆ ಆಗದು, ಆದರೆ ಮುಂದೆ ಹುಡುಕುವವರಿಗೆ ಎರಡನೇ ಗುರುತು ಸಿಕ್ಕಂತಾಯಿತು.

ಮೂರನೇ ಗುರುತು ಮಾತಿನಲ್ಲಿರಲಿ. 'ತೂಬಿನಿಂದ ಪಡುವಲಿಗೆ ಏರಿಯ ಮೇಲೆ ನಲವತ್ತು ಹೆಜ್ಜೆ, ಹಳೇ ಮತ್ತಿ ಮರದ ಬುಡ' ಎಂದು ಬರೆದರೆ ಜಿಪಿಎಸ್ ತಪ್ಪಿದರೂ ಮನುಷ್ಯ ತಲುಪುತ್ತಾನೆ. ಮರ ಬಿದ್ದರೂ ತೂಬು ಉಳಿದಿರುತ್ತದೆ.

ಮೂರೂ ಬೇಕು ಎಂದು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಗೊತ್ತಾ? ನಿಮ್ಮ ತಾಲ್ಲೂಕಿನ ಕಲ್ಲುಗಳಿಗೆ ಇಂಥ ಟಿಪ್ಪಣಿ ಬರೆಯುವ ಕೆಲಸ ನೂರು ವರ್ಷಕ್ಕೂ ಹಿಂದೆ ಒಮ್ಮೆ ಆಗಿದೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಎಂಟನೇ ಸಂಪುಟ 1904ರಲ್ಲಿ ಬಂತು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಪ್ರತಿ ಶಾಸನಕ್ಕೂ ಜಾಗದ ಗುರುತು ಇದೆ, ಆದರೆ ಅದು ಇಂಥ ಊರಿನ ಇಂಥ ಗುಡಿಯ ಮುಂದಿನ ಕಲ್ಲು, ಕೆರೆಯ ಹತ್ತಿರದ ಕಲ್ಲು ಎಂಬಷ್ಟೇ. ಆ ಕಾಲಕ್ಕೆ ಅಷ್ಟು ಸಾಕಿತ್ತು. ಬೆಂಗಳೂರಿನ ಸಂಪುಟಕ್ಕೂ ಅದೇ ಕ್ರಮ. ಮುಂದೆ ನಗರ ಬೆಳೆಯಿತು, ಗುಡಿ ಹೊಸದಾಯಿತು, ಕೆರೆ ಬಡಾವಣೆಯಾಯಿತು. ಸಂಪುಟದಲ್ಲಿರುವ ಎಷ್ಟೋ ಕಲ್ಲುಗಳು ಎಲ್ಲಿವೆ ಎಂದೇ ತಿಳಿಯದಾಯಿತು.

ಈ ಕಾಲದಲ್ಲಿ ಪಿ. ಎಲ್. ಉದಯಕುಮಾರ್ ಮತ್ತು ಅವರ ಜೊತೆಗಾರರು ಹಳೇ ಸಂಪುಟ ಹಿಡಿದು ಬೆಂಗಳೂರಿನ ಬೀದಿ ಬೀದಿ ಸುತ್ತಿ ಕಲ್ಲುಗಳನ್ನು ಹುಡುಕತೊಡಗಿದರು. ಸಿಕ್ಕಿದ್ದನ್ನು ನಕ್ಷೆಯಲ್ಲಿ ಗುರುತಿಸಿದರು. 2018ರಲ್ಲಿ ಹೆಬ್ಬಾಳದಲ್ಲಿ ಸಂಪುಟಗಳಲ್ಲಿ ಇಲ್ಲದ ಒಂದು ಶಾಸನವೂ ಸಿಕ್ಕಿತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು, ಕಿತ್ತಯ್ಯ ಎಂಬ ವೀರನ ಕಲ್ಲು. ಆಮೇಲೆ ಬೆಂಗಳೂರಿನ ಇತಿಹಾಸ ಅಧ್ಯಯನ ಸಂಸ್ಥೆ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಕಲ್ಲುಗಳ ತ್ರೀಡಿ ಸ್ಕ್ಯಾನ್ ಕೆಲಸ ನಡೆಯಿತು. ಇಲ್ಲಿ ನೀವು ಗಮನಿಸಬೇಕಾದ್ದು, ಅವರು ಹೊಸ ಆ್ಯಪ್‌ನಿಂದ ಶುರು ಮಾಡಲಿಲ್ಲ. ಇದ್ದ ಪುಸ್ತಕ, ಇದ್ದ ನಕ್ಷೆ, ನಡೆದಾಡುವ ಜನ, ಇವುಗಳಿಂದ ಶುರು ಮಾಡಿದರು. ನೀವೂ ಎಂಟನೇ ಸಂಪುಟದಲ್ಲಿ ನಿಮ್ಮೂರಿನ ಹೆಸರು ಇದೆಯಾ ಎಂದು ಮೊದಲು ನೋಡಿ. ಇದ್ದರೆ ಆ ಪುಟಗಳನ್ನು ಕಿಸೆಯಲ್ಲಿಟ್ಟುಕೊಂಡು ನಡೆಯಿರಿ.

ಈಗ ಮಾತು. 'ಸೂಪರ್ ಜಾಗ, ಮಿಸ್ ಮಾಡ್ಬೇಡಿ' ಎಂಬ ಟಿಪ್ಪಣಿಯಿಂದ ಯಾರಿಗೂ ಏನೂ ಸಿಗುವುದಿಲ್ಲ. ಒಂದು ಟಿಪ್ಪಣಿಗೆ ಒಂದೇ ವಸ್ತು ಇರಲಿ. ಹೀಗೆ ಬರೆಯಬಹುದು: 'ಏರಿಯ ಉತ್ತರ ತುದಿ. ವೀರಗಲ್ಲು, ಮೂರು ಹಂತ. ಕೆಳಗೆ ಕಾಳಗ, ಮೇಲಿನ ಹಂತದಲ್ಲಿ ಲಿಂಗ. ಎಡ ಮೂಲೆ ಒಡೆದಿದೆ. ಅಕ್ಷರ ಇವೆ, ನಾವು ಓದಿಲ್ಲ. ನೋಡಿದ್ದು 2025ರ ಜನವರಿ.' ಇದರಲ್ಲಿ ಅತಿ ಮುಖ್ಯವಾದದ್ದು ಕೊನೆಯ ತಿಂಗಳು. ದಿನಾಂಕ ಇಲ್ಲದ ಟಿಪ್ಪಣಿ ಓದಿದವರಿಗೆ ಅದು ಇಂದಿನ ಮಾತೋ ಹತ್ತು ವರ್ಷದ ಹಿಂದಿನದೋ ಗೊತ್ತಾಗುವುದಿಲ್ಲ. ಕಾಲುದಾರಿ, ಸಂಕ (ಕಾಲುಸೇತುವೆ), ಕುಡಿಯುವ ನೀರು ಇಂಥವುಗಳ ವಿಷಯದಲ್ಲಿ ಅದು ಜೀವಕ್ಕೇ ತಟ್ಟಬಹುದು.

ಕಣ್ಣಾರೆ ಕಂಡದ್ದು, ಬೇರೆಯವರು ಹೇಳಿದ್ದು, ನೀವು ಊಹಿಸಿದ್ದು, ಈ ಮೂರನ್ನು ಬೆರೆಸಬೇಡಿ. 'ಹುಲಿ ಜೊತೆ ಹೋರಾಡಿ ಸತ್ತವನ ಕಲ್ಲು ಎಂದು ಊರಿನ ಹಿರಿಯರು ಹೇಳುತ್ತಾರೆ' ಎಂದು ಬರೆದರೆ ಎಷ್ಟು ಚೆನ್ನ! 'ಹುಲಿ ಜೊತೆ ಹೋರಾಡಿ ಸತ್ತವನ ಕಲ್ಲು' ಎಂದಷ್ಟೇ ಬರೆದರೆ ನಾಳೆ ಶಾಸನ ಓದಿದವರು ಅದು ಗೋಗ್ರಹಣದ, ಅಂದರೆ ದನಗಳ್ಳರೊಡನೆ ಹೋರಾಡಿ ಸತ್ತವನ, ಕಲ್ಲು ಎಂದು ಹೇಳಿದಾಗ ಹಿರಿಯರ ಮಾತೇ ಸುಳ್ಳಾದಂತೆ ಕಾಣುತ್ತದೆ. ಅವರ ಮಾತು ಅವರ ಹೆಸರಿನಲ್ಲೇ ಉಳಿಯಲಿ, ಅವರು ಒಪ್ಪಿದರೆ. ಸಾಧ್ಯವಾದರೆ ಅವರ ದನಿಯಲ್ಲೇ ಇರಲಿ. ಓಎಸ್ಎಂಆ್ಯಂಡ್ ಎಂಬ ನಕ್ಷೆ ಆ್ಯಪ್‌ನಲ್ಲಿ ಜಾಗಕ್ಕೆ ಅಂಟಿಕೊಂಡ ದನಿ ಟಿಪ್ಪಣಿ ಮಾಡುವ ಪ್ಲಗಿನ್ ಇದೆ, ನೆಟ್ ಇಲ್ಲದೆಯೂ ನಡೆಯುತ್ತದೆ. ಬರೆಯಲು ಬೇಸರ ಇರುವವರು ಕನ್ನಡದಲ್ಲಿ ಮಾತನಾಡಿದರೆ ಅಕ್ಷರವಾಗಿಸುವ ಸೌಲಭ್ಯ ಈಗ ಮೊಬೈಲ್ ಕೀಬೋರ್ಡ್‌ನಲ್ಲೇ ಇದೆ. ಊರಿನ ಹೆಸರುಗಳಲ್ಲಿ ಅದು ತಪ್ಪುತ್ತದೆ, ತಿದ್ದಿಕೊಳ್ಳಿ.

ಇವನ್ನೆಲ್ಲ ಎಲ್ಲಿಡುವುದು? ನನ್ನ ಸಲಹೆ, ಮೂಲ ಪ್ರತಿ ಎಕ್ಸೆಲ್‌ನಂಥ ಒಂದು ಸರಳ ಶೀಟ್‌ನಲ್ಲಿರಲಿ. ಒಂದು ಸಾಲಿಗೆ ಒಂದು ಟಿಪ್ಪಣಿ. ಹೆಸರು, ಅಕ್ಷಾಂಶ, ರೇಖಾಂಶ, ಮಾತಿನ ಗುರುತು, ವಿವರ, ದಿನಾಂಕ, ಬರೆದವರು, ಮತ್ತು 'ಎಲ್ಲರಿಗೂ ತೋರಿಸಬಹುದೇ' ಎಂಬ ಒಂದು ಕಾಲಂ. ಆ ಕೊನೆಯ ಕಾಲಂ ಬಗ್ಗೆ ಮುಂದೆ ಹೇಳುತ್ತೇನೆ. ಈ ಶೀಟ್‌ನಿಂದ ಜಿಪಿಎಕ್ಸ್ ಅಥವಾ ಕೆಎಂಎಲ್ ಎಂಬ ಫೈಲ್ ಮಾಡಬಹುದು. ಎರಡೂ ಎಲ್ಲರಿಗೂ ಮುಕ್ತವಾದ ರೂಪಗಳು, ಇಪ್ಪತ್ತು ವರ್ಷದಿಂದ ಬಳಕೆಯಲ್ಲಿವೆ. ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್ಎಂಆ್ಯಂಡ್‌ನಂಥ ಉಚಿತ ಆ್ಯಪ್‌ಗಳಲ್ಲಿ ಆ ಫೈಲ್ ತೆರೆದರೆ ನಿಮ್ಮ ಟಿಪ್ಪಣಿಗಳೆಲ್ಲ ನಕ್ಷೆಯ ಮೇಲೆ ಕಾಣುತ್ತವೆ, ಸಿಗ್ನಲ್ ಇಲ್ಲದ ಬನದಲ್ಲೂ ಕಾಣುತ್ತವೆ. ಬ್ರೌಸರ್‌ನಲ್ಲಿ ನೋಡುವವರಿಗೆ ಯುಮ್ಯಾಪ್ ಅಥವಾ ಗೂಗಲ್‌ನ ಮೈ ಮ್ಯಾಪ್ಸ್‌ನಲ್ಲಿ ಅದೇ ಫೈಲ್ ಹಾಕಿ ಒಂದು ಲಿಂಕ್ ಮಾಡಿ. ಬಸ್ ನಿಲ್ದಾಣದ ಕ್ಯೂಆರ್ ಕೋಡ್ ಆ ಲಿಂಕಿಗೆ ಹೋಗಲಿ. ಆ್ಯಪ್ ಮಾಡಿಕೊಡುತ್ತೇನೆ ಎಂದ ನಿಮ್ಮ ಪರಿಚಯದವರಿಗೆ ಈ ಕೆಲಸ ಒಪ್ಪಿಸಿ: ಶೀಟ್ ಬದಲಾದಾಗ ಫೈಲ್ ತಾನಾಗಿ ಹೊಸದಾಗುವಂತೆ ಮಾಡಲಿ. ಒಂದು ಸಂಜೆಯ ಕೆಲಸ, ಬಹಳ ದಿನ ಉಪಯೋಗಕ್ಕೆ ಬರುತ್ತದೆ.

ಊರಿನ ಶಾಶ್ವತ ಸಂಗತಿಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೂ ಸೇರಿಸಿ. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಶುರು ಮಾಡಿದ ಈ ನಕ್ಷೆಯನ್ನು ಜನರೇ ಬರೆಯುತ್ತಾರೆ, ಯಾರು ಬೇಕಾದರೂ ಬಳಸಬಹುದು. ಆಗಲೇ ಹೇಳಿದ ಎರಡೂ ಆಫ್‌ಲೈನ್ ಆ್ಯಪ್‌ಗಳು ಇದೇ ನಕ್ಷೆಯನ್ನು ತೋರಿಸುತ್ತವೆ. ಇದರಲ್ಲಿ ಪ್ರತಿ ಜಾಗಕ್ಕೂ ಕನ್ನಡ ಹೆಸರು ಬರೆಯಲು ಪ್ರತ್ಯೇಕ ಸ್ಥಳವಿದೆ. ಕೆರೆ, ಹಳ್ಳ, ಕೇರಿ, ಕಾಲುದಾರಿಗಳ ಹೆಸರುಗಳನ್ನು ಕನ್ನಡದಲ್ಲೇ ಹಾಕಿ. 2013ರಿಂದ ಇದರಲ್ಲಿ ನೋಟ್ಸ್ ಎಂಬ ಸೌಲಭ್ಯವೂ ಇದೆ. ನಕ್ಷೆಯ ಮೇಲೆ ಒಂದು ಪಿನ್ ಹಾಕಿ 'ಈ ಸಂಕ ಬಿದ್ದಿದೆ' ಎಂದು ಬರೆದರೆ, ನಕ್ಷೆ ತಿದ್ದುವವರಲ್ಲಿ ಯಾರಾದರೂ ನೋಡಿ, ಪ್ರಶ್ನೆ ಕೇಳಿ, ಸರಿಪಡಿಸಿ, ಆ ಟಿಪ್ಪಣಿಯನ್ನು ಮುಗಿಸುತ್ತಾರೆ. ಹೀಗೆ ಮುಗಿಯುವುದೇ ಅದರ ಗುಣ. ಆದರೆ ಕಥೆ, ನೆನಪು, ಅಭಿಪ್ರಾಯಗಳಿಗೆ ಇದು ಜಾಗವಲ್ಲ, ಅವು ನಿಮ್ಮ ಶೀಟ್‌ನಲ್ಲಿರಲಿ. ಇನ್ನೊಂದು ಎಚ್ಚರಿಕೆ, ಗೂಗಲ್ ಮ್ಯಾಪ್‌ನಲ್ಲಿರುವ ಹೆಸರು ನೋಡಿ ಇಲ್ಲಿಗೆ ನಕಲು ಮಾಡಬಾರದು, ಅದಕ್ಕೆ ಪರವಾನಗಿ ಇಲ್ಲ. ನಿಮಗೆ ಗೊತ್ತಿರುವುದನ್ನೇ ಬರೆಯಿರಿ.

ಗೂಗಲ್ ಮ್ಯಾಪ್ ಬೇಡವೇ ಅಂತ ಕೇಳಬಹುದು. ಹೊರಗಿನ ಜನ ಬರಲಿ ಎಂಬ ಜಾಗಕ್ಕೆ, ಉದಾಹರಣೆಗೆ ಗುಡಿಗೆ, ಶಾಲೆಗೆ, ಅಲ್ಲಿಯೂ ಹಾಕಿ. ನೋಡುವವರು ಅಲ್ಲೇ ಜಾಸ್ತಿ. ಅದನ್ನೇ ಮೂಲ ಪ್ರತಿ ಮಾಡಿಕೊಳ್ಳಬೇಡಿ ಅಷ್ಟೇ. ವಿಮರ್ಶೆ ಯಾವಾಗ ತೆಗೆದುಹಾಕಬೇಕು ಎಂದು ತೀರ್ಮಾನಿಸುವುದು ನೀವಲ್ಲ.

ದುಬೈ, ಬೆಂಗಳೂರಿನಲ್ಲಿರುವವರಿಗೂ ಇಲ್ಲಿ ನಿಜವಾದ ಕೆಲಸ ಇದೆ. ಉಪಗ್ರಹ ಚಿತ್ರದ ಮೇಲೆ ಕೆರೆಯ ಅಂಚು, ದಾರಿ, ಮನೆಗಳ ಗೆರೆ ಎಳೆಯುವುದನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಎಲ್ಲಿಂದಲಾದರೂ ಮಾಡಬಹುದು. ಊರಿನವರು ನಡೆದು ತಂದ ಟಿಪ್ಪಣಿಗಳನ್ನು ಶೀಟ್‌ಗೆ ತುಂಬಿಸುವುದು, ಕಾಗುಣಿತ ತಿದ್ದುವುದು, ದನಿ ಮುದ್ರಣವನ್ನು ಅಕ್ಷರಕ್ಕಿಳಿಸುವುದು ಕೂಡ ಅವರೇ ಮಾಡಲಿ. ಊರಿನಲ್ಲಿರುವವರ ಸಮಯ ನಡೆಯುವುದಕ್ಕೂ ಕೇಳುವುದಕ್ಕೂ ಇರಲಿ.

ಈಗ ಅಪಾಯದ ಪ್ರಶ್ನೆ. ಅಪಾಯ ಇದೆ. ವಸ್ತುಗಳಿಗೂ ಇದೆ, ಜನರಿಗೂ ಇದೆ.

ನಿಧಿಯ ಆಸೆಗೆ ವೀರಗಲ್ಲು ಕಿತ್ತು, ಗುಡಿ ಅಗೆದು ಹಾಕುವವರು ನಮ್ಮ ರಾಜ್ಯದಲ್ಲಿ ಇದ್ದಾರೆ. ನಿಮಗೂ ಗೊತ್ತು. ಊರ ನಡುವಿನ, ದಿನವೂ ಜನ ನೋಡುವ ಕಲ್ಲಿನ ಜಾಗ ಎಲ್ಲರಿಗೂ ತಿಳಿದರೆ ಅದಕ್ಕೆ ರಕ್ಷಣೆ ಹೆಚ್ಚುತ್ತದೆ. ಕಾಡಿನೊಳಗೆ ಒಂಟಿಯಾಗಿ ನಿಂತ ಕಲ್ಲಿಗೆ ಅದೇ ಪಿನ್ ಕುತ್ತು ತರಬಹುದು. ದೇವರ ಬನದ ಅಪರೂಪದ ಗಿಡ, ಸೀತಾಳೆ ಹೂವು, ಹಕ್ಕಿಯ ಗೂಡಿಗೂ ಇದೇ ಮಾತು. ಐನ್ಯಾಚುರಲಿಸ್ಟ್ ಎಂಬ ಜೀವಿ ದಾಖಲೆ ತಾಣ ಇದಕ್ಕೊಂದು ಒಳ್ಳೆಯ ದಾರಿ ಕಂಡುಕೊಂಡಿದೆ. ಅಪಾಯದಲ್ಲಿರುವ ಜೀವಿಯ ದಾಖಲೆ ಬಂದರೆ ಅದರ ನಿಜವಾದ ಜಾಗ ತೋರಿಸದೆ, ಅಕ್ಷಾಂಶ ರೇಖಾಂಶಗಳಲ್ಲಿ 0.2 ಡಿಗ್ರಿಯ ಒಂದು ಚೌಕದೊಳಗೆ, ಅಂದರೆ ಸುಮಾರು 22 ಕಿಲೋಮೀಟರ್ ಅಗಲದ ಚೌಕದೊಳಗೆ, ಎಲ್ಲೋ ಒಂದು ಚುಕ್ಕೆ ಇಡುತ್ತದೆ. ದಾಖಲೆ ಉಳಿಯುತ್ತದೆ, ಜಾಗ ಬಯಲಾಗುವುದಿಲ್ಲ. ನಿಮ್ಮ ಶೀಟ್‌ನ 'ಎಲ್ಲರಿಗೂ ತೋರಿಸಬಹುದೇ' ಕಾಲಂ ಇದಕ್ಕಾಗಿಯೇ. 'ಇಲ್ಲ' ಎಂದಿರುವ ಸಾಲುಗಳು ಹೊರಗಿನ ನಕ್ಷೆಗೆ ಹೋಗಲೇಬಾರದು. ಫೋಟೋಗಳ ವಿಷಯದಲ್ಲೂ ಹುಷಾರು. ಮೊಬೈಲ್ ಫೋಟೋದ ಒಳಗೇ ತೆಗೆದ ಜಾಗ ಬರೆದಿರುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ.

ಜನರ ವಿಷಯ ಇನ್ನೂ ಸೂಕ್ಷ್ಮ. ಒಂದೊಂದೇ ಚುಕ್ಕೆ ನೋಡಿದರೆ ಏನೂ ಅನ್ನಿಸುವುದಿಲ್ಲ, ಸೇರಿದಾಗ ಹೇಳಬಾರದ್ದನ್ನು ಹೇಳುತ್ತವೆ. ಓಟ, ಸೈಕಲ್ ಸವಾರಿ ದಾಖಲಿಸುವ ಸ್ಟ್ರಾವಾ ಕಂಪನಿ 2017ರ ಕೊನೆಗೆ ತನ್ನ ಬಳಕೆದಾರರ ಓಡಾಟವನ್ನೆಲ್ಲ ಕೂಡಿಸಿ ಒಂದು ಹೊಳೆಯುವ ಜಗತ್ತಿನ ನಕ್ಷೆ ಹೊರತಂದಿತು. ಯಾರ ಹೆಸರೂ ಅದರಲ್ಲಿರಲಿಲ್ಲ. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ವಿದ್ಯಾರ್ಥಿ ನೇಥನ್ ರೂಸರ್ ಗಮನಿಸಿದಂತೆ, ಅದರಲ್ಲಿ ಸೇನಾ ನೆಲೆಗಳೂ ಅವುಗಳೊಳಗೆ ಸೈನಿಕರು ಓಡುವ ದಾರಿಗಳೂ ಕಾಣುತ್ತಿದ್ದವು. ಹಳ್ಳಿಯಲ್ಲಿ ಇದರ ರೂಪ ಬೇರೆ. ಯಾವ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ, ಯಾವ ಮನೆ ವರ್ಷಪೂರ್ತಿ ಬೀಗ, ಯಾರು ದಿನಾ ಯಾವ ದಾರಿಯಲ್ಲಿ ಕಾಲೇಜಿಗೆ ಹೋಗುತ್ತಾರೆ ಎಂಬುದು ಟಿಪ್ಪಣಿಗಳಿಂದ ತಿಳಿಯಬಾರದು. ಮನೆಗಳಿಗೆ ಮಾಲೀಕರ ಹೆಸರು ಹಾಕಬೇಡಿ. ಯಾರ ಜಮೀನು, ಯಾರ ಒತ್ತುವರಿ, ಯಾರಿಗೆ ಯಾವ ಬಾವಿ ಎಂಬ ಜಗಳಗಳನ್ನು ಪಿನ್ ಮಾಡಬೇಡಿ. ವಾಟ್ಸಾಪ್‌ನ ಲೈವ್ ಲೊಕೇಶನ್ ಇದಕ್ಕೆ ಬಳಸುವ ವಸ್ತುವೇ ಅಲ್ಲ. ಅದು ಜಾಗವನ್ನಲ್ಲ, ಮನುಷ್ಯನನ್ನು ತೋರಿಸುತ್ತದೆ.

ಕಾಮೆಂಟ್ ಯಾರು ಬೇಕಾದರೂ ಹೆಸರಿಲ್ಲದೆ ಬರೆಯುವಂತೆ ಬಿಡಬಹುದಾ? ಬೇಡ. ಅಮೆರಿಕದ ಯಿಕ್ ಯಾಕ್ ಆ್ಯಪ್ 2013ರಲ್ಲಿ ಹತ್ತಿರದಲ್ಲಿರುವವರಿಗೆ ಮಾತ್ರ ಕಾಣುವ ಅನಾಮಧೇಯ ಮಾತುಗಳಿಗೆಂದೇ ಬಂತು. ಶಾಲೆ ಕಾಲೇಜುಗಳಲ್ಲಿ ಕಿರುಕುಳ, ಬೆದರಿಕೆಗಳಿಗೆ ದಾರಿಯಾಯಿತು, 2017ರಲ್ಲಿ ಮುಚ್ಚಿತು. ಸಣ್ಣ ಊರಿನಲ್ಲಿ ಅನಾಮಧೇಯ ಮಾತು ಇನ್ನೂ ಬೇಗ ಮನೆ ಮುರಿಯುತ್ತದೆ. ಹೆಸರಿಲ್ಲದಿರುವುದು ಎಲ್ಲ ಕಡೆಯೂ ಕೆಟ್ಟದು ಎಂದಲ್ಲ. 2012ರ ದೆಹಲಿ ಘಟನೆಯ ನಂತರ ಶುರುವಾದ ಸೇಫ್‌ಸಿಟಿಯಲ್ಲಿ ಹೆಣ್ಣುಮಕ್ಕಳು ತಮಗೆ ಕಿರುಕುಳ ಆದ ಜಾಗವನ್ನು ಹೆಸರು ಹೇಳದೆ ಗುರುತಿಸುತ್ತಾರೆ. ಅಲ್ಲಿ ಹೇಳುವವರ ಹೆಸರು ಮುಚ್ಚಿರುವುದೇ ಸರಿ. ನಿಮ್ಮದು ಊರಿನ ನೆನಪಿನ ಕೆಲಸ. ಹೊರಗಿನವರ ಕಾಮೆಂಟ್ ಒಂದು ಸರಳ ಫಾರಂ ಮೂಲಕ ಬರಲಿ, ಊರಿನ ಇಬ್ಬರು ಓದಿ ಒಪ್ಪಿದ ಮೇಲೆ ನಕ್ಷೆಗೆ ಹೋಗಲಿ. ಆ ಇಬ್ಬರಲ್ಲಿ ಒಬ್ಬರು ಮಹಿಳೆ ಇರಲಿ, ಇಬ್ಬರೂ ಒಂದೇ ಕೇರಿಯವರಾಗದಿರಲಿ. ಯಾವ ಬಾವಿಗೆ ಯಾವ ನೆನಪು ಅಂಟಿದೆ ಎಂಬುದು ಎಲ್ಲ ಕೇರಿಗಳಿಗೂ ಒಂದೇ ಆಗಿರುವುದಿಲ್ಲ.

ಕೆಲವು ಟಿಪ್ಪಣಿಗಳಿಗೆ ನಕ್ಷೆ ಕಾಯುವಷ್ಟು ಸಮಯವೇ ಇರುವುದಿಲ್ಲ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಿಮ್ಮದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಅದರ ಜಾಗ ಬಹಳ ಮುಖ್ಯ. ಆದರೆ ಅದನ್ನು ನಕ್ಷೆಗೆ ಹಾಕಿ ಸುಮ್ನೆ ಕೂರಬಾರದು. ಹತ್ತಿರ ಹೋಗದೆ, ಮುಟ್ಟದೆ, ಪಿನ್ ತೆಗೆದು ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಲೊಕೇಶನ್ ಕಳಿಸಬೇಕು. ಮುರಿದ ಸಂಕ, ಕೆಳಗೆ ಬಿದ್ದ ಕರೆಂಟ್ ತಂತಿಗೂ ಹೀಗೆಯೇ. ಇಂಥವು ಯಾರಿಗೆ ಹೋಗಬೇಕು ಎಂಬ ಫೋನ್ ನಂಬರ್‌ಗಳು ನಿಮ್ಮ ಗುಂಪಿನ ಎಲ್ಲರ ಮೊಬೈಲ್‌ನಲ್ಲಿರಲಿ.

ದಾರಿ, ನೀರಿನ ಟಿಪ್ಪಣಿಗಳನ್ನು ವರ್ಷಕ್ಕೆರಡು ಬಾರಿ, ಮುಂಗಾರಿಗೆ ಮುಂಚೆ ಮತ್ತು ಮಳೆ ನಿಂತ ಮೇಲೆ, ಯಾರಾದರೂ ನಡೆದು ನೋಡಬೇಕು. ಸರಿ ಇದ್ದರೆ ದಿನಾಂಕ ಮಾತ್ರ ಬದಲಾಯಿಸಿದರೆ ಸಾಕು. ಪ್ರತಿ ಸಲ ನೋಡಿ ಆದ ಮೇಲೆ ಇಡೀ ಶೀಟ್ ಮುದ್ರಿಸಿ, ದನಿ ಮತ್ತು ಫೋಟೋಗಳನ್ನು ಪೆನ್ ಡ್ರೈವ್‌ಗೆ ಹಾಕಿ. ಎಲ್ಲರಿಗೂ ತೋರಿಸಬಹುದಾದ ಸಾಲುಗಳಷ್ಟೇ ಇರುವ ಪ್ರತಿಯನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ ಕೊಡಿ. 'ಇಲ್ಲ' ಎಂದಿರುವ ಸಾಲುಗಳಿರುವ ಪೂರ್ತಿ ಪ್ರತಿ ನೀವು ನಂಬುವ ಇಬ್ಬರ ಮನೆಯಲ್ಲಿರಲಿ.

ಶುರು ಮಾಡಲು ದೀಪಾವಳಿ ಕಳೆದ ಮೇಲಿನ ದಿನಗಳು ಒಳ್ಳೆಯವು. ಮಳೆ ನಿಂತಿರುತ್ತದೆ, ಹೊರಗಿರುವವರಲ್ಲಿ ಕೆಲವರು ಊರಿಗೆ ಬಂದಿರುತ್ತಾರೆ. ಮೊದಲ ಸುತ್ತಿನಲ್ಲಿ ಊರೊಳಗಿನದು ಮತ್ತು ಕೆರೆ ಏರಿಗಳದ್ದು ಮಾತ್ರ ಹಿಡಿಯಿರಿ. ಹಿರಿಯರಲ್ಲಿ ನಡೆಯಬಲ್ಲವರು ಜೊತೆಗೆ ಬರಲಿ, ಬರಲಾಗದವರ ಮನೆಗೆ ಸಂಜೆ ಫೋಟೋ ತೋರಿಸಲು ಹೋಗಿ. ಬನಕ್ಕೂ ಕಾಡಂಚಿನ ಕಲ್ಲುಗಳಿಗೂ ಹೋಗುವ ಮೊದಲು, ಅದರಲ್ಲೂ ಡಿಸೆಂಬರ್‌ನಿಂದ ಮೇ ತನಕ, ಈ ವರ್ಷ ಆ ಕಡೆ ಮಂಗನ ಕಾಯಿಲೆಯ ಸುದ್ದಿ ಇದೆಯಾ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಇದೆ ಎಂದರೆ ಆ ಭಾಗವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.